ಮೂರನೇ ಸಾಲು

ಸೋಹಾರ್. ಬೆಳಗಿನ ಐದೂವರೆ.
ಕಿಟಕಿಯ ಗಾಜಿಗೆ ಹೊರಗಿನಿಂದ ಬೆವರು,
ಅದರಾಚೆ ಬಂದರಿನ ಕ್ರೇನುಗಳು ಮಸುಕು ಮಸುಕು.
ಏಳಕ್ಕೆ ಥಿಯೇಟರು.
ಸುಡಾನಿನ ಡಾಕ್ಟರು ತೈಸೀರ್ ಕಾಗದ ಕೊಟ್ಟು
‘ನಿನ್ನ ಭಾಷೆಯವನಂತೆ, ತಿಳಿಸಿ ಹೇಳು’ ಎಂದರು.

ನನ್ನ ಭಾಷೆ!
ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು,
ಕನ್ನಡ ನನಗೆ ಶಾಲೆಯ ಯೂನಿಫಾರ್ಮು.
ಮೌಲಾಲಿಯದು ಶಹಾಪುರದ ಕನ್ನಡ,
ಅಟ್ಟಣಿಗೆಯಿಂದ ಬಿದ್ದ ಬೆನ್ನಿನ ಮೇಲೆ ಅಂಗಾತ.

ಅರಿವಳಿಕೆ ಎಂದೆ. ತಿಳಿಯಲಿಲ್ಲ.
(ಅರಿವು ಅಳಿಯುವ ಮುಂಚೆ ಅರಿತು ಒಪ್ಪಬೇಕು, ಅದು ನಿಯಮ.)
ಮದ್ದು ಕೊಟ್ಟು ಮಲಗಿಸ್ತಾರೆ ಎಂದೆ.
ಬೆನ್ನುಮೂಳೆಗೆ ಆರು ಸ್ಕ್ರೂ ಎಂದೆ.
‘ಎಷ್ಟು ಎಂಎಂದು?’ ತಟ್ಟನೆ ಕೇಳಿದ.

ಮೂರನೇ ಸಾಲು:
ಕಾಲಿನ ಬಲ ಮರಳದೆ ಹೋಗಬಹುದು,
ನೂರಕ್ಕೆ ಇಬ್ಬರಿಗೆ.
ಬಹಳ ಹೊತ್ತು ಸೂರನ್ನೇ ನೋಡಿದ.
‘ಆ ಇಬ್ಬರಿಗೂ ಹಿಂಗಾ ಓದಿ ಹೇಳಿದ್ರೇನ್ರಿ ಅಕ್ಕಾರ?’

ಹೌದು ಎಂದೆ.
ಓದಿದ್ದರಿಂದ ಅವರಿಗೇನು ಉಳಿಯಿತು
ಎಂಬುದು ಕಾಗದದಲ್ಲಿರಲಿಲ್ಲ.

‘ಮುಂಬೈಯಾಗ ಏಜೆಂಟ ಹನ್ನೊಂದು ಕಡೆ ಸಹಿ ಹಾಕಿಸ್ದ,
ಇಲ್ಲಿಗೆ ಬಂದ ದಿನ ಅರಬ್ಬಿಯಾಗ ನಾಕು.
ಓದಿ ಹೇಳಿದವ್ರು ನೀವ ಮೊದಲ್ನೇದವ್ರು.’
ನನ್ನ ಕಿವಿ ಬಿಸಿಯಾಯಿತು.
ಗಡಿಯಾರ ನೋಡುತ್ತ ನೋಡುತ್ತ ಓದಿದ್ದೆ.
ಕಾರಿಡಾರಿನಲ್ಲಿ ಕಂಪನಿಯ ಮನುಷ್ಯ
ವಿಮೆಯ ಫೈಲು ಕಂಕುಳಲ್ಲಿಟ್ಟು
ಎರಡನೇ ಚಹಾ ಮುಗಿಸುತ್ತಿದ್ದ.

‘ಒಲ್ಲೆ ಅಂದ್ರ?’

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಕಾಗದ ತಿರುವಿ ನೋಡಿದೆ.
ಒಪ್ಪಿದವನಿಗೊಂದು ಗೆರೆ, ಸಾಕ್ಷಿಗೊಂದು, ನನಗೊಂದು.
ಒಲ್ಲದವನಿಗೆ ಜಾಗ ಬಿಟ್ಟಿರಲಿಲ್ಲ.
ಅನ್ನಬಹುದು, ಎಂದೆ.
ಆಮೇಲೆ ನಡೆಯೋದು ಕಷ್ಟ, ಎಂದೆ.
ವೀಸಾದ ಮಾತು ನಾನೆತ್ತಲಿಲ್ಲ.
ಅವನೂ ಎತ್ತಲಿಲ್ಲ.

‘ನಿಮ್ಮ ತಮ್ಮ ಆಗಿದ್ರ ಏನಂತಿದ್ರಿ?’

ಇದಕ್ಕೆ ಉತ್ತರ ಕೊಡಬಾರದೆಂದು
ತರಬೇತಿಯಲ್ಲಿ ಎರಡು ಸಲ ಹೇಳಿದ್ದಾರೆ.
ಕೊಟ್ಟೆ.

ಪೆನ್ನು ತಗೊಂಡ. ಕಾಗದಕ್ಕೆ ಊರಲಿಲ್ಲ.
‘ಆ ಮೂರನೇ ಸಾಲು ಇನ್ನೊಮ್ಮೆ ಓದ್ರಿ.’
ಬಾಗಿಲಿಗೆ ಟ್ರಾಲಿ ಬಂತು, ಚಕ್ರ ಕಿರುಗುಡುತ್ತ.
ನಿಲ್ಲಲಿ ಎಂದೆ.
ಕುರ್ಚಿ ಎಳೆದು ಕೂತೆ.