ಬೆಂಕಿಪೊಟ್ಟಣ

ಸೀಲು ಬೇಟೆಗೆ ಹೋದವರು ಆರು ಮಂದಿ ಗಂಡಸರು,
ಲೆಕ್ಕಕ್ಕೆ ಸೇರದ ನಾನೊಬ್ಬ, ಹನ್ನೊಂದರ ಹುಡುಗ.
ಕಿಹ್ನು ದ್ವೀಪದ ದಂಡೆಯಿಂದ ಹೆಪ್ಪುಗಟ್ಟಿದ ಕಡಲ ಮೇಲೆ
ನಡೆದೇ ಹೋಗಿದ್ದೆವು, ಮಾರ್ಚ್‌ನಲ್ಲಿ ಎಲ್ಲರೂ ಹೋಗುವ ಹಾಗೆ.
ರಾತ್ರಿ ಮೂಡಣ ಗಾಳಿ ಬಂತು. ಬೆಳಗ್ಗೆ ಎದ್ದರೆ
ನಮಗೂ ಊರಿಗೂ ನಡುವೆ ನೀರು.
ಆದದ್ದು ಇಷ್ಟೇ. ಉಳಿದದ್ದೆಲ್ಲ ನಾವೇ ಮಾಡಿಕೊಂಡದ್ದು.

ಮೊದಲ ದಿನ ಪ್ರೀದಿಕ್ ಹಾಡು ಹೇಳಿದ.
ಎರಡನೆಯ ದಿನ ರೊಟ್ಟಿಯನ್ನು ಏಳು ಪಾಲು ಮಾಡಿದೆವು.
ಮಿಕ್ಕ ಚೂರು ನೀನು ತಗೋ, ನೀನು ತಗೋ ಎಂದು
ಹಾಗೇ ಉಳಿದು ಕಲ್ಲಾಯಿತು.
ಮೂರನೆಯ ದಿನ ಆ ಕಲ್ಲು ಕಾಣಲಿಲ್ಲ.
ಯಾರೂ ಕೇಳಲಿಲ್ಲ.
ಎಲ್ಲರೂ ಎಲ್ಲರ ದವಡೆ ನೋಡಿದರು.

ಆಗ ಕುಸ್ತಾಸ್ ಕಂಕುಳಿಂದ ಬೆಂಕಿಪೊಟ್ಟಣ ತೆಗೆದ.
ಕಿವಿಯ ಬಳಿ ಅಲ್ಲಾಡಿಸಿದ: ಕಟಕಟ.
'ಹನ್ನೊಂದು ಕಡ್ಡಿ' ಎಂದ. ಮತ್ತೆ ಕಂಕುಳಲ್ಲಿಟ್ಟ.
ಊರಲ್ಲಿ ಅವನು ದೊಡ್ಡ ಮನುಷ್ಯನೇನಲ್ಲ,
ಕಂಡವರ ದೋಣಿಗೆ ಟಾರು ಬಳಿಯುವವನು,
ಚರ್ಚಿನಲ್ಲಿ ಬಾಗಿಲ ಹತ್ತಿರದ ಬೆಂಚು.
ಆ ಕಟಕಟದ ನಂತರ
ಅವನು ಕೆಮ್ಮಿದರೂ ನಾವು ಮಾತು ನಿಲ್ಲಿಸುತ್ತಿದ್ದೆವು.

ಸೀಲಿನ ಕೊಬ್ಬಿನ ದೀಪ ಉರಿಯುತ್ತಲೇ ಇತ್ತು,
ಕಡ್ಡಿ ಬೇಕಾಗಿರಲೇ ಇಲ್ಲ. ಆದರೆ, ಆರಿದರೆ?
ಆ 'ರೆ' ಒಂದೇ ಅಕ್ಷರ. ಅದರ ಮೇಲೆ
ಕುರ್ಚಿ ಹಾಕಿಕೊಂಡು ಕೂತ ಕುಸ್ತಾಸ್.
ಗಾಳಿಯ ಕಡೆ ಮಲಗುವವರು ಯಾರು, ಮಾಂಸ ಯಾರಿಗೆಷ್ಟು,
ಯಾರ ಬೂಟು ಯಾರ ಕಾಲಿಗೆ,
ಎಲ್ಲ ಅವನ ಬಾಯಿಂದ.

ರಾತ್ರಿ ಕಾಲ ಕೆಳಗೆ ಏನೋ ಬಡಿಯುತ್ತಿತ್ತು.
ಬರೀ ಮಂಜಿನ ತುಂಡು, ಹಗಲಲ್ಲಿ ಎಲ್ಲರಿಗೂ ಗೊತ್ತು;
ಕತ್ತಲೆಯಲ್ಲಿ ಗೊತ್ತಿರುವುದು ಕೆಲಸಕ್ಕೆ ಬರುವುದಿಲ್ಲ.
'ಕೇಳ್ತಾ ಇದೆ' ಎಂದ ಯಾಕುಪ್.
ಏನನ್ನು, ಯಾರನ್ನು, ಎನ್ನಲಿಲ್ಲ.
ಕಣ್ಣುಗಳೆಲ್ಲ ತಾವಾಗಿಯೇ
ತೋನಿಸ್‌ನ ಊದಿದ ಕಾಲಿನ ಮೇಲೆ ಹೋಗಿ ನಿಂತವು.

ತೋನಿಸ್‌ನನ್ನು ಯಾರೂ ನೂಕಲಿಲ್ಲ. ಆಣೆ ಮಾಡಿ ಹೇಳಬಲ್ಲೆ.
ಅಂಚಿಗೆ ಮಲಗು ಎಂದರು, ಅಷ್ಟೆ.
ಮರುರಾತ್ರಿ, ಇನ್ನೊಂದು ಮಾರು ಆಚೆಗೆ.
ತನ್ನ ಚರ್ಮದ ಹೊದಿಕೆ ಎಳೆದುಕೊಂಡು ಹೋದ ಅವನು,
ಬಂದ ನೆಂಟರಿಗೆ ಜಾಗ ಬಿಡುವವನ ಹಾಗೆ.
ಒಂಬತ್ತನೆಯ ಬೆಳಗ್ಗೆ
ಅಂಚು ಅಲ್ಲಿರಲಿಲ್ಲ.
ಅವತ್ತು ಪಾಲು ಸ್ವಲ್ಪ ಹೆಚ್ಚು ಬಂತು.
ತಿಂದೆ. ರುಚಿಯಾಗಿತ್ತು.

ಈಗ ಹೇಳಬೇಕಾದ್ದು ಹೇಳುತ್ತೇನೆ.
ಕಡ್ಡಿಗಳು ಕಟಕಟ ಎನ್ನುವುದಿಲ್ಲ, ಸರಸರ ಎನ್ನುತ್ತವೆ.
ಅದು ಸೀಲಿನ ಹಲ್ಲು.
ನನ್ನ ತಂಗಿಯ ಗಿಲಕಿಯೊಳಗೆ ಅಪ್ಪ ತುಂಬಿಸಿದ್ದೂ ಅದನ್ನೇ.
ಮೊದಲ ಸಲ ಕೇಳಿದಾಗಲೇ ನನಗೆ ತಿಳಿಯಿತು.
ನನಗೆ ತಿಳಿದದ್ದು ಕುಸ್ತಾಸ್‌ಗೂ ತಿಳಿಯಿತು.
ಆ ರಾತ್ರಿಯಿಂದ ನನ್ನ ಜಾಗ ನಟ್ಟನಡುವೆ, ದೀಪದ ಪಕ್ಕ.

ಹದಿಮೂರನೆಯ ದಿನ ರುಹ್ನು ದ್ವೀಪದವರು ಹಗ್ಗ ಎಸೆದರು.
ಅವರ ಸ್ವೀಡಿಷ್ ನಮಗೆ ಬಾರದು. ಬಿಸಿ ಹಾಲು ಕೊಟ್ಟರು.
ನೀವು ನೋಡಬೇಕಿತ್ತು:
ಐವರೂ ಟೊಪ್ಪಿ ತೆಗೆದರು,
ಹೊಸ್ತಿಲಲ್ಲಿ ಬೂಟು ಕೊಡವಿದರು,
ಮೊದಲು ನೀನು, ಇಲ್ಲ ನೀನು, ಎಂದು ಬಟ್ಟಲು ದಾಟಿಸಿದರು.
ಅಷ್ಟು ದಿನ ಈ ಮರ್ಯಾದೆ ಎಲ್ಲಿ ಮಲಗಿತ್ತೋ,
ಯಾರ ಹೊದಿಕೆಯೊಳಗೆ.

ಕುಸ್ತಾಸ್ ಸಾಯುವವರೆಗೂ ಟಾರು ಬಳಿದ.
ದಾರಿಯಲ್ಲಿ ಸಿಕ್ಕರೆ, ನಾನಿನ್ನೂ ಹುಡುಗನಾಗಿದ್ದಾಗಲೂ,
ಮೊದಲು ತಲೆಬಾಗುತ್ತಿದ್ದವನು ಅವನೇ.

ತೋನಿಸ್‌ನ ಹೆಂಡತಿ ಲೀಸು ಬೇರೆ ಯಾರನ್ನೂ ಕೇಳಲಿಲ್ಲ,
ನನ್ನನ್ನೇ ಕೇಳಿದಳು. ಮಕ್ಕಳು ಸುಳ್ಳು ಹೇಳುವುದಿಲ್ಲವಲ್ಲ.
'ಕೊನೆಗೆ ಏನಂದ?'
ಪ್ರಾರ್ಥನೆ ಮಾಡಿದ, ಎಂದೆ.
ಅವನು ಅಂದದ್ದು:
'ಕಾಲು ಮಡಚಿಕೋ ಮಗ, ಗಾಳಿ ಈ ಕಡೆಯಿಂದ.'