ರೋಖ ಗಿರಾಕಿ

ದುಧನಿ ಬಜಾರದ ಹಿಂದ, ರೇಲ್ವೆ ಗೇಟಿನ ಕಡೆ
ನಂದೊಂದು ಸ್ಪೇರ್ ಪಾರ್ಟಿನ ಅಂಗಡಿ, ಅಪ್ಪ ಬಿಟ್ಟು ಹೋದದ್ದು.
ಬಳಿಗೆ ಹತ್ತಿದ ಗ್ರೀಸ್ ಎಷ್ಟ ತೊಳದ್ರೂ ಹೋಗೂದಿಲ್ಲ,
ಅದಕ್ಕ ಬಳಿ ಹಾಕೂದ ಬಿಟ್ಟೀನಿ.
ಗಂಡ ಗಟ್ಟಿ ಅದಾನ,
ಜನ ಸುಮ್ನ ಏನೇನರ ತಿಳ್ಕೋತಾರ.

ನನ್ನ ಅಂಗಡ್ಯಾಗ ಜಾತಿ ಎರಡ.
ಲೇಲ್ಯಾಂಡಿನವ್ರು, ಟಾಟಾದವ್ರು.
ಉಳದ ಜಾತಿಯವ್ರು ಹೆಣ್ಣರ ಕೊಟ್ಟು ತಂದಾರು,
ಇವ್ರು ಒಂದು ಪಾನಾ ಕೊಟ್ಟು ತಗೊಳ್ಳಾಕ ಒಲ್ಲರು.

ಮಡಿವಾಳಪ್ಪ ಕಲಶೆಟ್ಟಿ, ಲೇಲ್ಯಾಂಡ್.
ತೊಂಬತ್ತೆರಡರಾಗ ಅವ್ವನ ಪಾಟ್ಲಿ ಮಾರಿ ತಂದದ್ದು.
ಮೀಟರಿನ್ಯಾಗ ಐದ ಮನಿ.
ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ದಾಟಿ
ಹನ್ನೊಂದ ಸಲ ಸೊನ್ನಿಗೆ ಬಂದದ.
ಪ್ರತಿ ಸಲಾನೂ ಗಾಡಿ ಬದೀಗೆ ನಿಂದರಿಸಿ
ಕಾಯಿ ಒಡದಾನ,
ಅದ ಈಗ ಹುಟ್ಟಿದ ಕೂಸಿನ ಮುಂದ ಒಡದಂಗ.

ಇಂಜಿನ್ ಮೂರು ಸಲ ಬಿಚ್ಚಿ ಕಟ್ಟ್ಯಾರ.
ಕ್ಯಾಬಿನ್ ಬಾರ್ಸಿಯ ಬಡಿಗ್ಯಾಂದು.
ಗೇರ್‌ಬಾಕ್ಸ್ ಸೊಲ್ಲಾಪುರದ ಗುಜರಿಯಿಂದ ಬಂದದ್ದು.
ಹಳೇದು ಏನ ಉಳದದ ಕಾಕಾ, ಅಂತ ಒಮ್ಮೆ ಕೇಳಿದ್ದಕ್ಕ
ಸ್ಟೇರಿಂಗ್ ಹಿಡದು ಜಡ್ಡುಗಟ್ಟಿದ ಅಂಗೈ ತೋರಿಸಿದ:
"ಇದು ಕಂಪನಿ ಫಿಟಿಂಗ್."

ಮೌಲಾಲಿ ಬಾಗವಾನಂದು ಟಾಟಾ.
ಇನ್ನೂ ಬೆಂಜ್ ಅಂತಾನ ಅದಕ್ಕ, ಅವರಪ್ಪ ಅಂತಿದ್ದಂಗ.
ಚಹಾದಂಗಡಿ ಒಂದ, ಇಬ್ಬರಿಗೂ ಬಾಕ ಬ್ಯಾರೆ ಬ್ಯಾರೆ.
"ನಿಂದು ಡೀಸಲ್ ಕುಡಿತದೋ, ಮಾಲಕನ ರಕ್ತ ಕುಡಿತದೋ?"
"ನಿಂದು ಏರು ಕಂಡ್ರ ಗಂಗಾಳ ಬಿದ್ದಂಗ ಬಡಕೋತದ."
ಎರಡೂ ಗಾಡ್ಯಾಗ ತುಂಬೂದು ಅದ ತೊಗರಿ,
ಇಳಿಸೂದು ಅದ ಲಾತೂರಿನ ಮಿಲ್ಲು.

ಒಂದು ಗುಟ್ಟು ಹೇಳತೀನಿ.
ಗ್ರೀಸ್ ನಿಪ್ಪಲ್ ಕೇಳಿದ್ರ, ಬಲ್ಬ್ ಕೇಳಿದ್ರ
ಇಬ್ಬರಿಗೂ ಒಂದ ಡಬ್ಬ್ಯಾಗ ಕೈ ಹಾಕತೀನಿ.
"ನಮ್ಮದರದ್ದ ಕೊಡವಾ" ಅಂತಾರ.
"ನಿಮ್ಮದರದ್ದ ಅದ, ತಗೋರಿ" ಅಂತೀನಿ.
ಸುಳ್ಳೇನಲ್ಲ.

ಹೋದ ಮಾಘದಾಗ, ನಳದುರ್ಗದ ಏರಿನ್ಯಾಗ
ನಡುರಾತ್ರಿ ಕಲಶೆಟ್ಟಿ ಗಾಡಿ ಪಂಪ್ ಸತ್ತು ನಿಂತದ.
ಹಿಂದ ಬಂದಾವ ಮೌಲಾಲಿ.
ಇಬ್ಬರೂ ಮಾತಾಡಿಲ್ಲಂತ.
ಅಂವ ಸರಪಳಿ ಕಟ್ಯಾನ, ಜಗ್ಯಾನ.
ಇಂವ ತಲಿಮ್ಯಾಲಿನ ರುಮಾಲ ಬಿಚ್ಚಿ
ಗಾಡಿ ಮುಂದಿನ ಅಕ್ಷರಕ್ಕ ಸುತ್ಯಾನ,
ಟೋಲಿನವ್ರು ಓದಬಾರದಂತ.
ಕ್ಲೀನರ್ ಹುಡುಗ ಇದನ್ನ ಹೇಳುವಾಗ
ಬಿದ್ದು ಬಿದ್ದು ನಗತಿದ್ದ.
ನನಗ್ಯಾಕೋ ಆ ಥಂಡ್ಯಾಗಿನ ಬೋಳ ತಲಿ ಕಣ್ಣಿಗೆ ಬಂತು.

ಮೂರನೇ ದಿನ, ಶಟರ್ ಅರ್ಧ ಇಳಿಸಿದ್ದೆ.
ಬಗ್ಗಿ ಒಳಗ ಬಂದ ಕಲಶೆಟ್ಟಿ.
ಕೌಂಟರಿನ ಮ್ಯಾಲ ಒಂದು ಪಿನ್ನು ಇಟ್ಟ,
ಹಿಂದಿನ ಹುಕ್ಕಿಂದು, ಜಗ್ಗುವಾಗ ಮಣದದ್ದು.
"ಇಂಥಾದ್ದೊಂದು."
"ಇದು ನಿಮ್ಮ ಗಾಡಿಗಿ ಬರೂದಿಲ್ರಿ, ಕಾಕಾ."
ರಸ್ತಾದ ಆ ಕಡೆ ನೋಡಿದ, ಈ ಕಡೆ ನೋಡಿದ.
"ಟಾಟಾದ್ದು" ಅಂದ.
ಮಗಳ ಲಗ್ನಕ್ಕ ಸಾಲ ಕೇಳಾಕ ಬಂದಾಗೂ
ಅಷ್ಟ ಮೆಲ್ಲಕ ಮಾತಾಡಿದ್ದಿಲ್ಲ.

ವಹಿ ತೆಗದೆ. ಅವನ ಖಾತೆ
ಅಪ್ಪನ ಮೋಡಿ ಅಕ್ಷರದಾಗ ಶುರುವಾಗಿ
ನನ್ನ ಬಾಲ್ ಪೆನ್ನಿನ ತನಕ ಬಂದದ:
ರಿಂಗು, ಪಿಸ್ಟನ್, ಕ್ಲಚ್ ಪ್ಲೇಟು,
ಎಲ್ಲಾ ಲೇಲ್ಯಾಂಡ್, ಒಂದು ಸಾಲೂ ತಪ್ಪಿಲ್ಲ.
"ಬರೀಬ್ಯಾಡ" ಅಂದ. "ರೋಖ ಕೊಡತೀನಿ."

ಜಗಳ ಇನ್ನೂ ನಡದದ. ಅದ ಚಹಾ, ಅವ ಬಾಕ.
ಮೌಲಾಲಿ ಗಾಡಿ ಹಿಂದ, ಮಣ್ಣು ಮೆತ್ತಿದ ಕಬ್ಬಿಣದ ನಡುವ
ಒಂದ ಪಿನ್ನು ಹೊಸಾದು ಹೊಳೀತದ.
ಯಾರು ಹಾಕಿದ್ರು ಅಂತ ಅಂವ ಯಾರಿಗೂ ಕೇಳಿಲ್ಲ.

ನನ್ನ ಸ್ಟಾಕಿನ್ಯಾಗ ಮಾತ್ರ ಒಂದು ಕಮ್ಮಿ ಬರ್ತದ.
ಲೆಕ್ಕದ ಹುಡುಗ ಪೆನ್ನು ಕಚ್ಚಿ ಕುಂತಾನ.
ಬರಕೋ ತಮ್ಮಾ:
ದುಧನ್ಯಾಗ ಇಲಿ ಕಬ್ಬಿಣ ತಿಂತಾವ.