ಐಸಿನ ಕೆಲಸ

ಬೈತಖೋಲದ ಬಂದರಲ್ಲಿ ನಸುಕಿನ ನಾಲ್ಕಕ್ಕೆ
ಅಪ್ಪ ಐಸಿನ ಗಡ್ಡೆಗೆ ಕೊಕ್ಕೆ ಹಾಕಿ ಎಳೆಯುವಾಗ
ನಾನು ದೀಪದ ಕಂಬದ ಬುಡದಲ್ಲಿ ಕೂತು
ಪಾದದ ಇಪ್ಪತ್ತಾರು ಎಲುಬು ಬಾಯಿಪಾಠ ಮಾಡುತ್ತಿದ್ದೆ.
ಹಿಮ್ಮಡಿಯದು, ಹರಡಿನದು, ಆಮೇಲೆ ನಾವಿಕ್ಯುಲರ್:
ದೋಣಿಯ ಆಕಾರ, ಅದಕ್ಕೇ ಆ ಹೆಸರು,
ಅಂಗಾಲಿನ ಕಮಾನಿಗೆ ಕಟ್ಟಿ ನಿಲ್ಲಿಸಿದ ಹಾಗೆ.
ಅಪ್ಪ ಕೊಕ್ಕೆ ನಿಲ್ಲಿಸಿದ.
"ಹನ್ನೊಂದು ವರ್ಷ ನಾನು ದೋಣಿಯ ಮೇಲಿದ್ದೆ ಅಂದ್ಕೊಂಡಿದ್ದೆ ತಮಾ,
ಅದು ನನ್ನ ಕಾಲೊಳಗೇ ಇತ್ತೇನು?"

ಅಥ್ಲೆಟಿಕ್ ಟ್ರೈನಿಂಗ್ ಅಂದರೆ ಎಂತದು ಎಂದು
ಕೇರಿಗೆಲ್ಲ ಹೇಳಿ ಹೇಳಿ ನಾಲಿಗೆಗೇ ಉಳುಕು.
ಡ್ರಿಲ್ ಮಾಸ್ತರಿಕೆಯಾ? ಅಲ್ಲ.
ಡಾಕ್ಟರಿಕೆಯಾ? ಅದೂ ಅಲ್ಲ.
ಹಾಗಾದರೆ ಓಡ್ತೀಯಾ?
ಇಲ್ಲ, ಓಡುವವರ ಪಕ್ಕ ನಿಲ್ಲುತ್ತೇನೆ.
"ನಿಲ್ಲಲಿಕ್ಕೂ ಪರೀಕ್ಷೆ ಉಂಟಾ?" ಎಂದಳು ಸುಗಂಧಿಬಾಯಿ,
ತಲೆಯ ಮೇಲಿನ ಬಂಗಡೆ ಬುಟ್ಟಿ ಇಳಿಸದೆ.
"ನಾ ಬೆಳಗಿಂದ ನಿಂತೇ ಇದ್ದೇನೆ. ಬರೆದುಕೋ ಮಾರ್ಕು."

ಮೊದಲ ವರ್ಷವೆಲ್ಲ ಟೇಪು.
ಹಾಸ್ಟೆಲಿನ ವಿಠೋಬನ ಕಾಲ ಕೂದಲು ಮುಗಿಯುವ ತನಕ
ಹಿಮ್ಮಡಿಯಡಿ ಒಂದು ಸುತ್ತು, ಹರಡಿನ ಮೇಲೆ ಎಂಟರ ಗಂಟು.
ಸುಕ್ಕು ಬಿದ್ದರೆ ಅದೇ ಬೊಕ್ಕೆ.
ಬಲೆಗೆ ಒಗ್ಗಿದ ಬೆರಳು ಬಿಗಿಯುವುದೇ ಜಾಸ್ತಿ;
ಅವನ ಹೆಬ್ಬೆರಳು ನೀಲಿಗಟ್ಟಿದಾಗ ಡಿಮೆಲೋ ಮೇಡಂ ಹೇಳಿದ್ದು:
"ಹಿಡಿಯಲಿಕ್ಕೆ ಇದು ಮೀನಲ್ಲ ಮಾರಾಯ. ಕಾಲು.
ಬಿಡಬೇಕು."

ಮೂರನೆಯ ವರ್ಷ, ಮಾಲಾದೇವಿ ಮೈದಾನ,
ಕ್ರೀಡಾಕೂಟದ ಎರಡನೇ ದಿನ.
ಹಳಿಯಾಳದ ಕಡೆಯ ಮಾರ್ಶೆಲಿನ್ ಸಿದ್ದಿ
ಸಾವಿರದೈನೂರರಲ್ಲಿ ಫೈನಲ್ ಮುಟ್ಟಿ
ನೆರಳಿಗೆ ಬರುವಾಗ ಎಡಗಾಲನ್ನು
ಸಾಲದ ಪಾತ್ರೆಯಂತೆ ಮೆಲ್ಲಗೆ ಇಡುತ್ತಿದ್ದಳು.
ಮೊಣಕಾಲ ಕೆಳಗಿನ ಎಲುಬಿನುದ್ದಕ್ಕೂ ಹೆಬ್ಬೆರಳು ಒತ್ತುತ್ತ ಬಂದೆ.
ಇಲ್ಲಿ? ಇಲ್ಲ. ಇಲ್ಲಿ? ಇಲ್ಲ.
ಇಲ್ಲಿ? ಇಲ್ಲ ಎಂದಳು, ಆದರೆ ಉಸಿರು ನಿಂತಿತು.
ಒಂದೇ ಕಡೆ, ಎಂಟಾಣೆ ಅಗಲದಷ್ಟು ನೋವು.
ಪುಟ ನೂರ ನಲವತ್ತು. ಕೂದಲೆಳೆಯ ಬಿರುಕು ಇರಬಹುದು.
ಇರಬಹುದು, ಅಷ್ಟೇ.

ಓಡಬೇಡ ಎಂದೆ.
"ನೀ ಯಾವತ್ತಾದ್ರೂ ಓಡಿದ್ಯಾ?"
ಆ ಪ್ರಶ್ನೆ ಯಾವ ಪುಟದಲ್ಲೂ ಇರಲಿಲ್ಲ.
ಅವಳ ಕೋಚು ನನ್ನ ಹೆಸರು ಕೇಳಿಕೊಂಡ,
ಒಳ್ಳೆಯದಕ್ಕಲ್ಲ.

ಕಾಲೇಜಿನ ಐಸು ಮಧ್ಯಾಹ್ನಕ್ಕೇ ನೀರಾಗಿತ್ತು.
ಅಪ್ಪನಿಗೆ ಫೋನು ಮಾಡಿದೆ.
ಲೂನಾದ ಹಿಂದೆ ಗೋಣಿಚೀಲ ಕಟ್ಟಿಕೊಂಡು ಬಂದ,
ಮೀನಿನ ವಾಸನೆಯ ಸಮೇತ.
ಇಸ್ವಾಣಕ್ಕೆ ಹಾಕುವಷ್ಟು ನುಣ್ಣಗೆ ತಾನೇ ಕುಟ್ಟಿದ.
"ಮೂರು ವರ್ಷ ಓದಿ ನೀನೂ ಐಸಿಗೇ ಬಂದಿಯಲ್ಲ!"

ಪಿಸ್ತೂಲು ಸಿಡಿಯಿತು. ಏಳು ಜನ ಹೋದರು.
ಮಾರ್ಶೆಲಿನ್ ಅತ್ತ ನೋಡಲಿಲ್ಲ.
ಐಸಿನ ಚೀಲದ ಕೆಳಗೆ
ಅವಳ ಕಾಲಬೆರಳು ಮಾತ್ರ ಓಡುತ್ತಿದ್ದವು,
ಒಂದು ಸುತ್ತು, ಎರಡು, ಮೂರು,
ಕೊನೆಯ ತಿರುವಿನಲ್ಲಿ ಸ್ವಲ್ಪ ಜೋರು.

"ಎಷ್ಟು ಹೊತ್ತು ಇಡಬೇಕು ಇದನ್ನ?" ಅಪ್ಪ ಕೇಳಿದ.
ಇಪ್ಪತ್ತು ನಿಮಿಷ. ಹೆಚ್ಚಾದರೆ ಚರ್ಮ ಸುಡ್ತದೆ, ನರ ಸತ್ತುಹೋಗ್ತದೆ.
"ಹೌದಾ," ಎಂದ ಸುಮ್ಮನೆ.
"ನಾ ಇಪ್ಪತ್ತು ವರ್ಷ ಇಟ್ಟೆ."

ಗ್ಯಾಲರಿ ಖಾಲಿಯಾದ ಮೇಲೆ ಅವನ ಕೈ ತೆಗೆದುಕೊಂಡೆ.
ಬೇಡ ಬೇಡ ಎಂದ, ಲುಂಗಿಗೆ ಒರೆಸಿ ಕೊಟ್ಟ.
ಉಗುರನ್ನು ಒತ್ತಿ ಬಿಟ್ಟೆ. ಬಿಳಿ.
ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು.
ಒಂದು. ಎರಡು.
ಮೈದಾನದಾಚೆ ಗೋವೆಯ ಬಸ್ಸು ಹಾರ್ನು ಹಾಕುತ್ತ ಹೋಯಿತು.
ಮೂರು.
"ಬಂತಾ?"
ಬರ್ತದೆ ಅಪ್ಪಾ. ಕೈ ಅಲ್ಲಾಡಿಸಬೇಡ.